ಮೊಡೆನಾದ ಅಂಕಿತವಿಲ್ಲದ ಗಾಡಿ

ಒಂದು ವಸ್ತುವಿನ ಚರಿತ್ರೆಯನ್ನು ಬರೆಯಹೊರಟವನು ಮೊದಲು ಹುಡುಕುವುದು ಅದನ್ನು ಮಾಡಿದವನ ಹೆಸರನ್ನು. ವಿಗ್ರಹವಾದರೆ ಪೀಠದ ಮೇಲೆ ರೂವಾರಿಯ ಹೆಸರಿದೆಯೇ ಎಂದು ನೋಡುತ್ತೇವೆ. ಪದವಾದರೆ ಕೊನೆಯ ಸಾಲಿನಲ್ಲಿ ಅಂಕಿತವನ್ನು ಅರಸುತ್ತೇವೆ. ಮೋಟಾರು ಗಾಡಿಗಳ ವಿಷಯದಲ್ಲಿ ಈ ಶ್ರಮವೇ ಇರಬೇಕಾಗಿಲ್ಲ. ಮಾಡಿದವನು ತನ್ನ ಹೆಸರನ್ನು ಹೊಳೆಯುವ ಲೋಹದಲ್ಲಿ ಎರಕ ಹೊಯ್ದು ಗಾಡಿಯ ಮೂತಿಗೇ ಕೂರಿಸಿರುತ್ತಾನೆ. ದಾರಿಹೋಕರೂ ಅದನ್ನು ಓದಿಕೊಳ್ಳಬಹುದು. ಹೀಗಿದ್ದರೂ ೧೯೪೦ನೆಯ ಇಸವಿಯ ವಸಂತಕಾಲದಲ್ಲಿ ಇಟಲಿ ದೇಶದ ಮೊಡೆನಾ ಪಟ್ಟಣದಲ್ಲಿ ಸಿದ್ಧವಾದ ಎರಡು ಗಾಡಿಗಳಿಗೆ ಈ ಅಂಕಿತವು ಲಭಿಸಲಿಲ್ಲ. ಅವನ್ನು ಮಾಡಿಸಿದವನು ಎಂಜೊ ಫೆರಾರಿ. ತನ್ನ ಹೆಸರನ್ನು ಅವುಗಳ ಮೇಲೆ ಬರೆಯುವ ಹಕ್ಕು ಆಗ ಅವನಿಗೆ ಇರಲಿಲ್ಲ. ಆದ ಕಾರಣ ಅವುಗಳಿಗೆ ‘೮೧೫’ ಎಂಬ ಅಂಕಿಯೊಂದೇ ಹೆಸರಾಗಿ ನಿಂತಿತು. ಆ ಎರಡರಲ್ಲಿ ಒಂದು ಇಂದಿಗೂ ಇದೆ, ಇನ್ನೊಂದು ಹೋಯಿತು. ಅದು ಹೋದ ಬಗೆಗೂ ಅದಕ್ಕೆ ಹೆಸರಿಲ್ಲದಿದ್ದುದಕ್ಕೂ ಸಂಬಂಧವುಂಟೆಂದು ನಮಗೆ ತೋರುತ್ತದೆ.

ಹಕ್ಕು ಹೋದುದು ಹೇಗೆಂಬುದನ್ನು ಮೊದಲು ಹೇಳಬೇಕು. ೧೮೯೮ರಲ್ಲಿ ಮೊಡೆನಾದಲ್ಲಿ ಹುಟ್ಟಿದ ಫೆರಾರಿಯು ೧೯೨೦ರಲ್ಲಿ ಮಿಲಾನ್ ನಗರದ ಆಲ್ಫಾ ರೋಮಿಯೋ ಕಾರ್ಖಾನೆಯ ಪಂದ್ಯಗಳಲ್ಲಿ ಸಾರಥಿಯಾಗಿ ಸೇರಿದನು. ಓಡಿಸುವುದಕ್ಕಿಂತಲೂ ಓಡಿಸುವವರನ್ನೂ ಯಂತ್ರ ಬಲ್ಲವರನ್ನೂ ಒಂದುಗೂಡಿಸುವುದರಲ್ಲಿ ತನ್ನ ಕೈ ಮಿಗಿಲೆಂಬುದನ್ನು ಅವನು ಬೇಗನೆ ಕಂಡುಕೊಂಡನು. ೧೯೨೯ರಲ್ಲಿ ಮೊಡೆನಾದಲ್ಲಿ ‘ಸ್ಕುದೆರಿಯಾ ಫೆರಾರಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಸ್ಕುದೆರಿಯಾ ಎಂದರೆ ಕುದುರೆಯ ಲಾಯ. ಲಾಯದಲ್ಲಿದ್ದ ಕುದುರೆಗಳೆಲ್ಲ ಆಲ್ಫಾ ರೋಮಿಯೋ ಗಾಡಿಗಳೇ. ಹತ್ತು ವರ್ಷಗಳಿಗೆ ಸಮೀಪಿಸುವಷ್ಟು ಕಾಲ ಆ ಕಾರ್ಖಾನೆಯ ಕೀರ್ತಿಯನ್ನು ಪಂದ್ಯಗಳಲ್ಲಿ ಹೊತ್ತು ಮೆರೆಸಿದುದು ಈ ಲಾಯವೇ. ೧೯೩೮ರಲ್ಲಿ ಕಾರ್ಖಾನೆಯವರು ಪಂದ್ಯಗಳ ಆಡಳಿತವನ್ನು ತಾವೇ ವಹಿಸಿಕೊಂಡು ಫೆರಾರಿಯನ್ನು ಸಂಬಳದ ಅಧಿಕಾರಿಯನ್ನಾಗಿ ಇರಿಸಿಕೊಂಡರು. ಒಡೆಯನಾಗಿದ್ದವನು ನೌಕರನಾಗಿ ಬಾಳುವುದು ಎಷ್ಟು ದಿನ? ೧೯೩೯ರಲ್ಲಿ ಅವನು ಹೊರಬಂದನು. ಹೊರಡುವಾಗ ಆದ ಕರಾರಿನಲ್ಲಿ ಒಂದು ನಿಬಂಧನೆಯಿತ್ತು: ಇನ್ನು ನಾಲ್ಕು ವರ್ಷಗಳ ಕಾಲ ಫೆರಾರಿ ಎಂಬ ಹೆಸರನ್ನು ಪಂದ್ಯಗಳ ಸಂಬಂಧದಲ್ಲಿ ಅವನು ಬಳಸಕೂಡದು.

ಮೊಡೆನಾಕ್ಕೆ ಮರಳಿದ ಫೆರಾರಿಯು ಹಳೆಯ ಲಾಯದ ಕಟ್ಟಡದಲ್ಲಿಯೇ ‘ಆಟೊ ಆವಿಯೊ ಕೊಸ್ತ್ರುತ್ಸಿಯೋನಿ’ ಎಂಬ ಕಾರ್ಖಾನೆಯನ್ನು ತೆರೆದನು. ಮೋಟಾರು ಮತ್ತು ವಿಮಾನಗಳ ನಿರ್ಮಾಣ ಎಂದು ಅದರ ಅರ್ಥ. ಯಾರೋ ಗುಮಾಸ್ತನು ಸರಕಾರದ ದಾಖಲೆಗೆಂದು ಬರೆದುಕೊಟ್ಟಂತಿರುವ ಹೆಸರು ಇದು. ಯುದ್ಧದ ಮೋಡಗಳು ಕವಿದಿದ್ದ ದಿನಗಳಾದುದರಿಂದ ವಿಮಾನದ ಬಿಡಿಭಾಗಗಳಿಗೂ ಯಂತ್ರೋಪಕರಣಗಳಿಗೂ ಬೇಡಿಕೆಯಿತ್ತು. ಹೊಟ್ಟೆಪಾಡಿಗೆ ಅದೇ ಆಧಾರವಾಯಿತು.

ಆ ವರ್ಷದ ಡಿಸೆಂಬರಿನಲ್ಲಿ ಇಬ್ಬರು ತರುಣರು ಅವನಲ್ಲಿಗೆ ಬಂದು ಪಂದ್ಯಕ್ಕೆ ಯೋಗ್ಯವಾದ ಎರಡು ಗಾಡಿಗಳನ್ನು ಮಾಡಿಕೊಡಬೇಕೆಂದು ಕೇಳಿದರು. ಒಬ್ಬನು ಲೊತಾರಿಯೊ ರಂಗೋನಿ ಮಾಕಿಯಾವೆಲ್ಲಿ. ಮೊಡೆನಾದ ಹಳೆಯ ಶ್ರೀಮಂತ ಮನೆತನದವನು, ಮಾರ್ಕ್ವಿಸ್ ಎಂಬ ಬಿರುದುಳ್ಳವನು. ಇನ್ನೊಬ್ಬನು ಅಲ್ಬೆರ್ತೊ ಅಸ್ಕಾರಿ. ಇನ್ನೂ ೨೧ ವರ್ಷದ ಹುಡುಗ, ಅಲ್ಲಿಯವರೆಗೆ ಮೋಟಾರ್ ಸೈಕಲ್ಲುಗಳ ಪಂದ್ಯಗಳಲ್ಲಿ ಹೆಸರು ಮಾಡಿದ್ದವನು. ಅಸ್ಕಾರಿಯ ತಂದೆ ಅಂತೋನಿಯೊ ಆಲ್ಫಾ ರೋಮಿಯೋ ತಂಡದಲ್ಲಿ ಫೆರಾರಿಯ ಜೊತೆಗಾರನೂ ಸ್ನೇಹಿತನೂ ಆಗಿದ್ದನು. ೧೯೨೫ರ ಜುಲೈ ೨೬ರಂದು ಫ್ರಾನ್ಸಿನ ಮೋನ್‌ಲೇರಿಯ ಪಂದ್ಯದಲ್ಲಿ ಅವನು ಮಡಿದಾಗ ಮಗನಿಗೆ ಏಳು ವರ್ಷ. ಸತ್ತ ಗೆಳೆಯನ ಮಗನು ಬಂದು ಗಾಡಿ ಬೇಕೆಂದಾಗ ಫೆರಾರಿಯ ಮನಸ್ಸಿನಲ್ಲಿ ಏನಾಗಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಗಾಡಿಗಳು ಬೇಕಾಗಿದ್ದುದು ೧೯೪೦ರ ಏಪ್ರಿಲ್ ೨೮ರ ಪಂದ್ಯಕ್ಕೆ. ಎಂದರೆ ನಾಲ್ಕು ತಿಂಗಳು ಮಾತ್ರ ಅವಕಾಶ. ಇಷ್ಟರಲ್ಲಿ ಹೊಸ ಗಾಡಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಕಲ್ಪಿಸಿ ಮಾಡುವುದು ಯಾರಿಗೂ ಸಾಧ್ಯವಿರಲಿಲ್ಲ. ಅಲ್ಬೆರ್ತೊ ಮಸ್ಸಿಮಿನೊ ಮತ್ತು ವಿತ್ತೋರಿಯೊ ಬೆಲ್ಲೆಂತಾನಿ ಎಂಬ ಇಬ್ಬರು ಎಂಜಿನಿಯರುಗಳಿಗೆ ಫೆರಾರಿಯು ಈ ಕೆಲಸವನ್ನು ಒಪ್ಪಿಸಿದನು. ಪರೀಕ್ಷಕನಾಗಿ ಎನ್ರಿಕೊ ನಾರ್ದಿ ಇದ್ದನು. ಅವರು ಫಿಯೆಟ್ ಕಂಪನಿಯ ‘೫೦೮ ಸಿ’ ಎಂಬ ಸಾಧಾರಣ ಗಾಡಿಯನ್ನು ಆಧಾರವಾಗಿ ಇಟ್ಟುಕೊಂಡರು. ವೈದ್ಯರೂ ವಕೀಲರೂ ಓಡಾಡುತ್ತಿದ್ದ ಸಂಸಾರವಂದಿಗರ ಗಾಡಿ ಅದು. ಅದರ ಇಂಜಿನಿನಲ್ಲಿ ನಾಲ್ಕು ಸಿಲಿಂಡರುಗಳು, ಹುಟ್ಟುತ್ತಿದ್ದುದು ೩೨ ಅಶ್ವಶಕ್ತಿ.

ಈ ಇಬ್ಬರು ಮಾಡಿದ ಯುಕ್ತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಲೇಸು. ಅಂತಹ ಎರಡು ಇಂಜಿನುಗಳ ಮೇಲ್ತಲೆಗಳನ್ನು ತೆಗೆದುಕೊಂಡು ಒಂದರ ಹಿಂದೆ ಒಂದಾಗಿ ಸಾಲಿನಲ್ಲಿ ಕೂರಿಸಿದರು. ಹೀಗೆ ನಾಲ್ಕು ಹೋಗಿ ಎಂಟು ಸಿಲಿಂಡರುಗಳಾದುವು. ಕೆಳಗಿನ ಗಡುಸಾದ ಭಾಗವನ್ನು ಮಾತ್ರ ಹೊಸದಾಗಿ ಅಲ್ಯುಮಿನಿಯಂ ಲೋಹದಲ್ಲಿ ಎರಕ ಹೊಯ್ಯಿಸಬೇಕಾಯಿತು. ಅದನ್ನು ಬೊಲೋನ್ಯಾದ ಕಾಲ್ತ್ಸೋನಿ ಎರಕದ ಕಾರ್ಖಾನೆಯವರು ಮಾಡಿಕೊಟ್ಟರು. ಎಂಟು ಕೊಂತಿಗಳನ್ನು ಹೊರುವ ಉದ್ದನೆಯ ಕ್ರ್ಯಾಂಕು ದಂಡವು ಮೊಡೆನಾದಲ್ಲಿಯೇ ತಯಾರಾಯಿತು. ಪಂದ್ಯದ ನಿಯಮದಂತೆ ಆ ವರ್ಗದ ಗಾಡಿಗಳ ಇಂಜಿನು ೧೫೦೦ ಘನ ಸೆಂಟಿಮೀಟರನ್ನು ಮೀರಕೂಡದು. ಫಿಯೆಟ್ಟಿನ ಎರಡು ಇಂಜಿನುಗಳನ್ನು ಇದ್ದಂತೆಯೇ ಜೋಡಿಸಿದ್ದರೆ ೨೧೭೮ ಆಗುತ್ತಿತ್ತು. ಆದುದರಿಂದ ಸಿಲಿಂಡರಿನ ಬಾಯಿಯನ್ನು ೬೮ ಮಿಲಿಮೀಟರಿನಿಂದ ೬೩ಕ್ಕೂ, ಕೊಂತಿಯ ಏರಿಳಿತವನ್ನು ೭೫ರಿಂದ ೬೦ಕ್ಕೂ ಇಳಿಸಿದರು. ಒಟ್ಟು ಗಾತ್ರ ೧೪೯೬ಕ್ಕೆ ಬಂದಿತು. ಕೊಂತಿಯು ಚಲಿಸುವ ದೂರ ಕಡಮೆಯಾದಷ್ಟೂ ಇಂಜಿನು ಹೆಚ್ಚು ವೇಗವಾಗಿ ತಿರುಗಲು ಅನುಕೂಲ. ಹೀಗಾಗಿ ಗಾತ್ರವನ್ನು ಕುಗ್ಗಿಸಬೇಕಾದ ಕಟ್ಟುಪಾಡೇ ಒಂದು ಗುಣವಾಗಿ ಪರಿಣಮಿಸಿತು. ನಿಮಿಷಕ್ಕೆ ೫೫೦೦ ಸುತ್ತುಗಳಲ್ಲಿ ಅದು ೭೫ ಅಶ್ವಶಕ್ತಿಯನ್ನು ಕೊಡುತ್ತಿತ್ತು.

ಎಂಟು ಸಿಲಿಂಡರು, ಒಂದೂವರೆ ಲೀಟರು, ಆದುದರಿಂದ ‘೮೧೫’. ಲೆಕ್ಕದ ಮಾತಾಗಿ ನೋಡಿದರೆ ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ ಆಲ್ಫಾ ರೋಮಿಯೋ ಕಾರ್ಖಾನೆಯ ಅತ್ಯುತ್ತಮ ಪಂದ್ಯದ ಗಾಡಿಯೆಂದು ಆಗ ಹೆಸರಾಗುತ್ತಿದ್ದುದು ‘೧೫೮’. ಅದಕ್ಕೂ ಒಂದೂವರೆ ಲೀಟರಿನ ಎಂಟು ಸಿಲಿಂಡರುಗಳು. ಆ ಗಾಡಿಯು ರೂಪುಗೊಂಡದ್ದು ಮೊಡೆನಾದ ಇದೇ ಲಾಯದಲ್ಲಿ, ಇದೇ ಫೆರಾರಿಯ ಮೇಲ್ವಿಚಾರಣೆಯಲ್ಲಿ. ಒಂದರ ಅಂಕಿಗಳನ್ನು ಸ್ಥಾನಪಲ್ಲಟ ಮಾಡಿದರೆ ಇನ್ನೊಂದಾಗುತ್ತದೆ. ಹೆಸರನ್ನು ಬರೆಯಕೂಡದೆಂದು ಬಾಯಿ ಕಟ್ಟಿಸಿಕೊಂಡವನು ಅಂಕಿಗಳ ಮರೆಯಲ್ಲಿ ತನ್ನ ಹಳೆಯ ಒಡೆಯರಿಗೆ ಏನನ್ನೋ ಹೇಳಿದನೆಂದು ಭಾವಿಸಲು ಮನಸ್ಸಾಗುತ್ತದೆ. ಪ್ರಮಾಣವಿಲ್ಲದ ಮಾತನ್ನು ಒತ್ತಿ ಹೇಳುವುದು ನಮ್ಮ ಇಚ್ಛೆಯಲ್ಲ. ಅಂಕಿಗಳು ಹಾಗಿವೆ ಎಂದಷ್ಟೇ ಹೇಳುತ್ತೇವೆ.

ಇಂಜಿನೂ ಚಕ್ರಗಳೂ ಆದುವು. ಇನ್ನು ಮೇಲಿನ ಮೈ. ಲಾರಿಯ ಚಾಸಿಸನ್ನು ಕಂಪನಿಯಿಂದ ಕೊಂಡು, ಬೇರೆಡೆ ಬಾಡಿ ಕಟ್ಟಿಸುವ ಪದ್ಧತಿಯು ನಮ್ಮ ಕಡೆ ಇಂದಿಗೂ ಉಂಟಷ್ಟೆ. ಆ ಕಾಲದ ಯೂರೋಪಿನಲ್ಲಿ ಉತ್ತಮ ಕಾರುಗಳ ಗತಿಯೂ ಹೀಗೆಯೇ ಇತ್ತು. ಒಬ್ಬನು ಚಾಸಿಸು ಮತ್ತು ಇಂಜಿನನ್ನು ಮಾಡುವನು. ಮತ್ತೊಬ್ಬನು, ಹಿಂದೆ ಕುದುರೆಯ ಸಾರೋಟುಗಳನ್ನು ಕಟ್ಟುತ್ತಿದ್ದವರ ಪರಂಪರೆಯವನು, ಅದರ ಮೇಲೆ ಬಾಡಿ ಕಟ್ಟುವನು. ಇಟಲಿಯಲ್ಲಿ ಈ ವಿದ್ಯೆಯು ಪರಾಕಾಷ್ಠೆಗೆ ಏರಿತ್ತು. ಮಿಲಾನಿನಲ್ಲಿ ಫೆಲಿಚೆ ಬಿಯಾಂಕಿ ಅಂದೆರ್ಲೋನಿ ಎಂಬಾತನು ಗಾಯೆತಾನೊ ಪೊಂತ್ಸೋನಿಯೊಡನೆ ಕೂಡಿ ೧೯೨೬ರಲ್ಲಿ ಸ್ಥಾಪಿಸಿದ ಟೂರಿಂಗ್ ಎಂಬ ಸಂಸ್ಥೆಯು ಆ ಕಸಬಿನವರಲ್ಲಿ ಅಗ್ರಗಣ್ಯವಾದುದು. ‘ಸೂಪರ್‌ಲೆಜೇರಾ’, ಎಂದರೆ ಅತಿಹಗುರ, ಎಂಬ ವಿಧಾನವನ್ನು ಆಚರಣೆಗೆ ತಂದವರು ಇವರೇ. ಬೆರಳುಗಾತ್ರದ ತೆಳುವಾದ ಉಕ್ಕಿನ ಕೊಳವೆಗಳನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಬೆಸೆದು ಪಂಜರವೊಂದನ್ನು ಕಟ್ಟುವುದು. ಅದರ ಮೇಲೆ ಕೈಯಿಂದ ತಟ್ಟಿ ಹದಗೊಳಿಸಿದ ಅಲ್ಯುಮಿನಿಯಂ ತಗಡನ್ನು ಹೊದಿಸುವುದು. ಬಿದಿರ ಕಡ್ಡಿಗಳ ಮೇಲೆ ಕಾಗದ ಹೊದಿಸಿ ಗಾಳಿಪಟ ಮಾಡುವ ಹುಡುಗರಿಗೆ ಇದರ ತತ್ತ್ವವನ್ನು ವಿವರಿಸಬೇಕಾದುದಿಲ್ಲ.

೮೧೫ರ ಎರಡು ಗಾಡಿಗಳಿಗೂ ಟೂರಿಂಗಿನವರು ಅಲ್ಯುಮಿನಿಯಂ ಹಾಗೂ ಮೆಗ್ನೀಸಿಯಂ ಕೂಡಿದ ಮಿಶ್ರಲೋಹದ ತಗಡಿನಲ್ಲಿ ಬಾಡಿ ಕಟ್ಟಿದರು. ಮೇಲ್ಛಾವಣಿಯಿಲ್ಲದ, ಇಬ್ಬರು ಕೂರುವ, ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಗಳವರೆಗೆ ಒಂದೇ ಅಲೆಯಾಗಿ ಹರಿದು ಬಾಲದಲ್ಲಿ ಕೊನೆಗೊಳ್ಳುವ ನೀಳವಾದ ಆಕಾರ. ಈ ಬಾಡಿಯ ತೂಕ ೫೪ ಕಿಲೋಗ್ರಾಂ. ಒಬ್ಬ ಸಣಕಲು ಮನುಷ್ಯನ ತೂಕ ಇದು! ಇಡೀ ಗಾಡಿಯೇ ೫೩೫ ಕಿಲೋಗ್ರಾಮಿನಲ್ಲಿ ಮುಗಿದಿತ್ತು. ೭೫ ಅಶ್ವಶಕ್ತಿ ಎಂದರೆ ಆ ಕಾಲಕ್ಕೂ ಬಹಳವೇನಲ್ಲ. ಆದರೆ ಎಳೆಯಬೇಕಾದ ಭಾರ ಇಷ್ಟು ಕಡಮೆಯಾದಾಗ ಗಂಟೆಗೆ ೧೭೦ ಕಿಲೋಮೀಟರುಗಳ ವೇಗವು ಸಾಧ್ಯವಾಯಿತು. ಎರಡು ಗಾಡಿಗಳೂ ಒಂದೇ ಅಚ್ಚಿನಲ್ಲಿ ಒತ್ತಿದವಲ್ಲ. ಕೈಗೆಲಸವಾದುದರಿಂದ ವಿವರಗಳಲ್ಲಿ ವ್ಯತ್ಯಾಸಗಳಿದ್ದುವು. ಅಸ್ಕಾರಿಯದಕ್ಕೆ ೦೨೦ ಎಂದೂ ರಂಗೋನಿಯದಕ್ಕೆ ೦೨೧ ಎಂದೂ ಸಂಖ್ಯೆಗಳಾದುವು.

ಈಗ ಪಂದ್ಯದ ಮಾತು. ‘ಮಿಲ್ಲೆ ಮಿಲಿಯಾ’, ಎಂದರೆ ಸಾವಿರ ಮೈಲಿ, ಎಂಬ ಓಟವು ೧೯೨೭ರಿಂದ ಬ್ರೆಶಾ ಪಟ್ಟಣದಲ್ಲಿ ಹೊರಟು ರೋಮ್ ನಗರವನ್ನು ಮುಟ್ಟಿ ಮರಳಿ ಬ್ರೆಶಾಕ್ಕೆ ಬರುತ್ತಿದ್ದಿತು. ಊರೂರುಗಳ ನಡುವಣ ಸಾರ್ವಜನಿಕ ರಸ್ತೆಯೇ ಅದರ ಅಂಗಳ. ಮಕ್ಕಳು ಮರಿಗಳೊಡನೆ ಜನ ರಸ್ತೆಯ ಇಕ್ಕೆಲಗಳಲ್ಲಿ ನಿಂತು ನೋಡುತ್ತಿದ್ದರು. ೧೯೩೮ರಲ್ಲಿ ಬೊಲೋನ್ಯಾದಲ್ಲಿ ಒಂದು ಗಾಡಿಯು ಹಾದಿ ತಪ್ಪಿ ಜನರ ಮೇಲೆ ನುಗ್ಗಿ ಹತ್ತು ಮಂದಿ ಸತ್ತರು. ಅವರಲ್ಲಿ ಏಳು ಮಂದಿ ಮಕ್ಕಳು. ಸರಕಾರವು ಕೂಡಲೇ ಅಂತಹ ಓಟಗಳನ್ನು ನಿಷೇಧಿಸಿತು. ೧೯೪೦ರಲ್ಲಿ ಅದನ್ನು ಪುನರಾರಂಭಿಸಿದಾಗ ಬ್ರೆಶಾ, ಕ್ರೆಮೋನಾ, ಮಾಂತೊವಾ ಎಂಬ ಮೂರು ಊರುಗಳನ್ನು ಕೂಡಿಸುವ, ಸುಮಾರು ೧೬೫ ಕಿಲೋಮೀಟರು ಸುತ್ತಳತೆಯ ತ್ರಿಕೋನದ ರಸ್ತೆಯನ್ನು ಮುಚ್ಚಿ ಅದರಲ್ಲಿಯೇ ಒಂಬತ್ತು ಸುತ್ತುಗಳೆಂದು ಗೊತ್ತುಮಾಡಿದರು. ಯೂರೋಪಿನಲ್ಲಿ ಆಗಲೇ ಯುದ್ಧ ಆರಂಭವಾಗಿ ಎಂಟು ತಿಂಗಳಾಗುತ್ತ ಬಂದಿತ್ತು. ಇಟಲಿ ಮಾತ್ರ ಇನ್ನೂ ಹೊರಗಿತ್ತು. ಹೀಗೆ ಒಂದು ಭೂಖಂಡವು ಉರಿಯುತ್ತಿರುವಾಗ ಅದರ ಒಂದು ಮೂಲೆಯಲ್ಲಿ ಜರ್ಮನಿಯ ಸಾರಥಿಗಳೂ ಇಟಲಿಯ ಸಾರಥಿಗಳೂ ವಿನೋದಕ್ಕಾಗಿ ಓಡಿದರು ಎಂಬುದು ಈಗ ಓದುವವರಿಗೆ ವಿಚಿತ್ರವಾಗಿ ಕಂಡೀತು.

ಅಸ್ಕಾರಿಯು ತನ್ನ ಬಂಧುವಾದ ಜೊವಾನ್ನಿ ಮಿನೊತ್ಸಿಯೊಡನೆ ಒಂದು ಗಾಡಿಯಲ್ಲಿ, ರಂಗೋನಿಯು ನಾರ್ದಿಯೊಡನೆ ಇನ್ನೊಂದರಲ್ಲಿ ಹೊರಟರು. ತಮ್ಮ ವರ್ಗದಲ್ಲಿ ಇವರಿಗೆ ಸರಿಸಾಟಿಯೇ ಇಲ್ಲವೆಂಬುದು ಮೊದಲ ಸುತ್ತಿನಲ್ಲಿಯೇ ತಿಳಿದುಹೋಯಿತು. ಅಸ್ಕಾರಿಯೇ ಮುಂದಾಳಾಗಿದ್ದನು. ಆದರೆ ಸ್ವಲ್ಪ ಹೊತ್ತಿನಲ್ಲೇ ಅವನ ಇಂಜಿನಿನ ವಾಲ್ವುಗಳ ಕೀಲು ಮುರಿದು ಗಾಡಿ ನಿಂತುಬಿಟ್ಟಿತು. ನಾಲ್ಕು ಚಕ್ರದ ಗಾಡಿಯಲ್ಲಿ ಅವನ ಮೊದಲ ದೊಡ್ಡ ಪಂದ್ಯವು ಹೀಗೆ ಮುಗಿಯಿತು. ರಂಗೋನಿಯು ಆ ಸ್ಥಾನವನ್ನು ಹಿಡಿದು ಸುತ್ತಿನ ಮೇಲೆ ಸುತ್ತು ಓಡಿದನು. ಗಂಟೆಗೆ ಸುಮಾರು ೧೪೬ ಕಿಲೋಮೀಟರುಗಳ ಸರಾಸರಿಯಲ್ಲಿ ಅವನು ಮುಗಿಸಿದ ಒಂದು ಸುತ್ತು ಆ ವರ್ಗದ ದಾಖಲೆಯಾಯಿತು. ಹಿಂದಿನವನಿಗೂ ಅವನಿಗೂ ನಡುವೆ ಅರ್ಧ ಗಂಟೆಗೂ ಮೀರಿದ ಅಂತರವಿತ್ತು. ಏಳು ಸುತ್ತುಗಳಾಗಿದ್ದುವು. ಉಳಿದುದು ಎರಡೇ. ಆಗ ಅವನ ಇಂಜಿನೂ ಕೆಟ್ಟಿತು. ನಾಲ್ಕು ತಿಂಗಳಲ್ಲಿ ಹುಟ್ಟಿದ ಯಂತ್ರವು ಸಾವಿರಕ್ಕೂ ಮಿಕ್ಕಿ ಕಿಲೋಮೀಟರುಗಳು ಪೂರ್ಣವೇಗದಲ್ಲಿ ಓಡಿತೆಂಬುದೇ ಆಶ್ಚರ್ಯ. ಆದರೆ ಪಂದ್ಯದ ಪಟ್ಟಿಯಲ್ಲಿ ಆಶ್ಚರ್ಯಕ್ಕೆ ಸ್ಥಾನವಿಲ್ಲ. ಎರಡು ಗಾಡಿಗಳ ಹೆಸರಿನ ಮುಂದೆಯೂ ‘ಮುಗಿಸಲಿಲ್ಲ’ ಎಂದೇ ಬರೆದುದಾಯಿತು.

ಪಂದ್ಯವನ್ನು ಗೆದ್ದವರು ಜರ್ಮನಿಯ ಹುಷ್ಕೆ ಫಾನ್ ಹಾನ್‌ಸ್ಟೈನ್ ಮತ್ತು ವಾಲ್ಟರ್ ಬಾಯ್ಮರ್. ಅವರ ಗಾಡಿ ಬಿ.ಎಂ.ಡಬ್ಲ್ಯೂ. ೩೨೮, ಸರಾಸರಿ ವೇಗ ಗಂಟೆಗೆ ೧೬೬ ಕಿಲೋಮೀಟರಿಗೂ ಹೆಚ್ಚು. ಆ ಜರ್ಮನ್ ಗಾಡಿಯ ಮೇಲಿನ ಬಾಡಿಯನ್ನು ಕಟ್ಟಿದವರೂ ಮಿಲಾನಿನ ಟೂರಿಂಗಿನವರೇ ಎಂಬುದು ಸ್ವಾರಸ್ಯದ ಸಂಗತಿ. ಗೆದ್ದ ಗಾಡಿಯ ಮೈಯೂ ಸೋತ ಗಾಡಿಯ ಮೈಯೂ ಒಂದೇ ಕಮ್ಮಟದಲ್ಲಿ ಹುಟ್ಟಿದ್ದುವು.

ಅದಾದ ೪೩ನೆಯ ದಿನ, ಎಂದರೆ ಜೂನ್ ೧೦ರಂದು, ಇಟಲಿಯೂ ಯುದ್ಧಕ್ಕೆ ಇಳಿಯಿತು. ಪಂದ್ಯಗಳು ನಿಂತುವು. ಫೆರಾರಿಯು ಯುದ್ಧಕಾಲದ ಯಂತ್ರೋಪಕರಣಗಳ ತಯಾರಿಕೆಯಲ್ಲಿ ತೊಡಗಿ ೧೯೪೩ರಲ್ಲಿ ಕಾರ್ಖಾನೆಯನ್ನು ಮೊಡೆನಾದಿಂದ ಹತ್ತಿರದ ಮಾರನೆಲ್ಲೊ ಎಂಬ ಹಳ್ಳಿಗೆ ಸಾಗಿಸಿದನು. ನಾಲ್ಕು ವರ್ಷಗಳ ಕರಾರಿನ ಅವಧಿ ತೀರಿದುದೂ ಅದೇ ವರ್ಷ. ಹೆಸರು ಕೈಗೆ ಬಂದಾಗ ಅದನ್ನು ಹಚ್ಚುವುದಕ್ಕೆ ಗಾಡಿ ಮಾಡುವ ಕಾಲವಲ್ಲ. ೧೯೪೪ರಲ್ಲಿಯೂ ೧೯೪೫ರಲ್ಲಿಯೂ ಆ ಕಾರ್ಖಾನೆಯ ಮೇಲೆ ಬಾಂಬುಗಳು ಬಿದ್ದುವು. ಯುದ್ಧ ಮುಗಿದ ಮೇಲೆ, ೧೯೪೭ರ ಮೇ ೧೧ರಂದು, ಪಿಯಾಚೆಂತ್ಸಾ ಪಟ್ಟಣದ ಪಂದ್ಯದಲ್ಲಿ ಫೆರಾರಿ ಎಂಬ ಅಂಕಿತವನ್ನು ಹೊತ್ತ ಮೊದಲನೆಯ ಗಾಡಿಯಾದ ‘೧೨೫ ಎಸ್’ ಕಾಣಿಸಿಕೊಂಡಿತು. ಅದರ ಇಂಜಿನಿನ ಗಾತ್ರ ೧೪೯೭. ಹೆಸರಿಲ್ಲದ ಅಕ್ಕನಿಗಿಂತ ಒಂದೇ ಘನ ಸೆಂಟಿಮೀಟರು ಹೆಚ್ಚು. ಆ ಗಾಡಿಯೂ ಮುಂದಿದ್ದಾಗಲೇ ಕೆಟ್ಟು ನಿಂತಿತು. ಆದರೆ ಎರಡೇ ವಾರಗಳಲ್ಲಿ ರೋಮ್ ನಗರದಲ್ಲಿ ಗೆದ್ದಿತು.

ಜೋಡಿ ಗಾಡಿಗಳ ಕಥೆ ಇಲ್ಲಿಂದ ಎರಡು ದಾರಿ ಹಿಡಿಯಿತು. ಲೊತಾರಿಯೊ ರಂಗೋನಿಯು ಯುದ್ಧಕಾಲದಲ್ಲಿಯೇ ತೀರಿಕೊಂಡನು. ೦೨೧ನೆಯ ಗಾಡಿಯು ಅವನ ಸೋದರ ರೊಲಾಂಡೊನ ಪಾಲಿಗೆ ಬಂದಿತು. ಆದರೆ ಅದು ಅಪಘಾತವೊಂದರಲ್ಲಿ ಜಖಮಾಗಿ, ಹಳೆಯ ಗಾಡಿಗಳನ್ನು ಒಡೆಯುವ ಗುಜರಿ ಅಂಗಳವನ್ನು ಸೇರಿತ್ತು. ೧೯೫೮ರಲ್ಲಿ ರೊಲಾಂಡೊ ಅದರ ಬೆನ್ನು ಹತ್ತಿದಾಗ ಗಾಡಿಯು ಅಲ್ಲಿ ಇನ್ನೂ ಇತ್ತೆಂದೂ, ಮತ್ತೆ ಹೋದಾಗ ಅದನ್ನು ಒಡೆದು ಹಾಕಿದ್ದರೆಂದೂ ಹೇಳುತ್ತಾರೆ. ಈ ಗಾಡಿಯ ಅಂತ್ಯದ ವೃತ್ತಾಂತವೆಲ್ಲ ಇಷ್ಟೇ.

೧೯೫೮ ಎಂಬ ಇಸವಿಯನ್ನು ವಾಚಕರು ಗಮನಿಸಬೇಕು. ಬಾಂಬುಗಳ ಕಾಲ ಕಳೆದು ಹದಿಮೂರು ವರ್ಷಗಳಾಗಿದ್ದುವು. ಫೆರಾರಿಯ ಹೆಸರು ಆಗ ಅಜ್ಞಾತವೇನೂ ಅಲ್ಲ. ಹೆಸರಿಲ್ಲದ ಗಾಡಿಯಲ್ಲಿ ಓಟವನ್ನು ಆರಂಭಿಸಿದ ಆ ಅಲ್ಬೆರ್ತೊ ಅಸ್ಕಾರಿಯೇ ೧೯೫೨ ಮತ್ತು ೧೯೫೩ರಲ್ಲಿ ಫೆರಾರಿ ಗಾಡಿಯನ್ನೋಡಿಸಿ ಪ್ರಪಂಚದ ಚಾಂಪಿಯನ್ ಆಗಿದ್ದನು. ೧೯೫೫ರಲ್ಲಿ ಮೊನ್ಜಾದಲ್ಲಿ, ತನ್ನ ತಂದೆ ಸತ್ತ ೩೬ರ ವಯಸ್ಸಿನಲ್ಲಿಯೇ, ಸತ್ತೂ ಇದ್ದನು. ೧೯೫೬ರಲ್ಲಿ ಹ್ವಾನ್ ಫಾಂಜಿಯೊ ಫೆರಾರಿ ಗಾಡಿಯಲ್ಲಿ ಅದೇ ಪದವಿಗೇರಿದನು. ೧೯೫೮ರಲ್ಲಿ, ಎಂದರೆ ರೊಲಾಂಡೊ ಗುಜರಿಯವನ ಬಾಗಿಲಿಗೆ ಹೋದ ಆ ವರ್ಷದಲ್ಲಿಯೇ, ಇಂಗ್ಲೆಂಡಿನ ಮೈಕ್ ಹಾಥಾರ್ನ್ ಫೆರಾರಿ ಗಾಡಿಯಲ್ಲಿ ಆ ಕಿರೀಟವನ್ನು ಪಡೆದನು. ಗುಜರಿಯ ಅಂಗಳದಲ್ಲಿದ್ದ ಗಾಡಿಯ ಮೂತಿಯ ಮೇಲೆ ಫೆರಾರಿ ಎಂಬ ಪದವು ಇದ್ದಿದ್ದರೆ ಇಟಲಿಯ ಯಾವ ಗುಜರಿಯವನು ತಾನೇ ಅದಕ್ಕೆ ಸುತ್ತಿಗೆ ಎತ್ತುತ್ತಿದ್ದನು? ಅವನ ಕಣ್ಣಿಗೆ ಕಂಡಿರಬಹುದಾದುದಿಷ್ಟು: ಫಿಯೆಟ್ಟಿನ ಚಾಸಿಸು, ಅದರ ಮೇಲೆ ನಜ್ಜುಗುಜ್ಜಾದ ಐವತ್ತು ಕಿಲೋಗ್ರಾಂ ಒಳ್ಳೆಯ ಅಲ್ಯುಮಿನಿಯಂ, ಏನೋ ಒಂದು ಅಂಕಿ. ಲೋಹದ ದರವನ್ನು ಬಲ್ಲವನು ತನ್ನ ಕಸಬಿಗೆ ತಕ್ಕದ್ದನ್ನೇ ಮಾಡಿದನು. ೧೯೩೯ರ ಕರಾರು ೧೯೪೩ರಲ್ಲಿ ಕಾಗದದ ಮೇಲೆ ತೀರಿತ್ತು. ಆದರೆ ಹದಿನೈದು ವರ್ಷಗಳ ತರುವಾಯ ಆ ಅಂಗಳದಲ್ಲಿ ಅದು ಇನ್ನೂ ಜಾರಿಯಲ್ಲಿತ್ತೆಂದೇ ಹೇಳಬೇಕು. ಇದು ನಮ್ಮ ಊಹೆ. ಆದರೆ ಬಲವಾದ ಊಹೆ. ಯುದ್ಧವು ಕೊಲ್ಲದಿದ್ದುದನ್ನು ಹೆಸರಿನ ಅಭಾವವು ಕೊಂದಿತು.

ಹೀಗೆ ಕಳೆದುಹೋದ ಗಾಡಿಗಳ ವಿಷಯದಲ್ಲಿ ಒಂದು ಅಪಾಯವುಂಟು. ಅದನ್ನೂ ಇಲ್ಲಿ ಸೂಚಿಸಬೇಕು. ಹಳೆಯ ಗಾಡಿಗಳ ವ್ಯಾಪಾರದಲ್ಲಿ ಒಂದು ಸಂಖ್ಯೆಯ ತಗಡೂ ನಾಲ್ಕು ಬೋಲ್ಟುಗಳೂ ದೊರೆತರೆ ಸಾಕು, ಅವುಗಳ ಸುತ್ತ ಇಡೀ ಗಾಡಿಯೇ ಪುನರ್ಜನ್ಮ ತಾಳಿದ ನಿದರ್ಶನಗಳು ಬೇಕಾದಷ್ಟಿವೆ. ತಾಮ್ರಶಾಸನಗಳಲ್ಲಿ ಕೂಟಶಾಸನಗಳಿರುವಂತೆಯೇ ಇದೂ. ಸಂಖ್ಯೆಯು ಸತ್ಯವಾಗಿದ್ದು ಗಾಡಿಯು ಸುಳ್ಳಾಗಿರಬಹುದು. ತಗಡು ಹಳೆಯದಾಗಿದ್ದು ಉಳಿದುದೆಲ್ಲ ಹೊಸದಾಗಿರಬಹುದು. ಆದಕಾರಣ ಇಂತಹ ವಸ್ತುವನ್ನು ಪರೀಕ್ಷಿಸುವವರು ಸಂಖ್ಯೆಯನ್ನು ಕೊನೆಗೆ ಓದಿ, ಮೊದಲು ಬೆಸುಗೆಯನ್ನೂ ಎರಕದ ಗುರುತನ್ನೂ ತಗಡನ್ನು ತಟ್ಟಿದ ಕೈಯ ಜಾಡನ್ನೂ ನೋಡಬೇಕು. ೮೧೫ರ ಎಂಟು ಸಿಲಿಂಡರಿನ ಆ ಅಲ್ಯುಮಿನಿಯಂ ಎರಕವನ್ನು ಬೇರಾವ ಗಾಡಿಯಿಂದಲೂ ಎರವಲು ತರಲಾಗದು. ಫಿಯೆಟ್ಟಿನ ಭಾಗಗಳಾದರೋ ಹಾದಿಬೀದಿಯಲ್ಲಿ ದೊರೆಯುತ್ತಿದ್ದುವು.

ಇನ್ನು, ಇದನ್ನು ಮೊದಲನೆಯ ಫೆರಾರಿ ಎನ್ನಬಹುದೇ ಎಂಬ ಚರ್ಚೆ. ಫೆರಾರಿ ಸಂಸ್ಥೆಯು ತನ್ನ ವಯಸ್ಸನ್ನು ೧೯೪೭ರಿಂದಲೇ ಎಣಿಸುತ್ತದೆ; ೨೦೧೭ರಲ್ಲಿ ಎಪ್ಪತ್ತನೆಯ ವರ್ಷದ ಉತ್ಸವವನ್ನು ಆಚರಿಸಿದುದು ಈ ಲೆಕ್ಕದ ಪ್ರಕಾರವೇ. ಅಭಿಮಾನಿಗಳಲ್ಲಿ ಅನೇಕರು ಇದನ್ನು ಅನ್ಯಾಯವೆನ್ನುತ್ತಾರೆ. ನಮಗೆ ಅಷ್ಟು ಅನ್ಯಾಯವಾಗಿ ತೋರುವುದಿಲ್ಲ. ೧೨೫ ಎಸ್ ಗಾಡಿಯ ಹನ್ನೆರಡು ಸಿಲಿಂಡರುಗಳ ಇಂಜಿನು ಜೊವಾಕಿನೊ ಕೊಲೊಂಬೊ ಎಂಬಾತನು ಫೆರಾರಿಗಾಗಿಯೇ ಕಲ್ಪಿಸಿದುದು. ಮುಂದೆ ಆ ಮನೆತನಕ್ಕೆ ಲಕ್ಷಣವಾಗಿ ನಿಂತುದು ಅದೇ. ೮೧೫ಕ್ಕೆ ಚಾಸಿಸು ಫಿಯೆಟ್ಟಿನದು, ಇಂಜಿನಿನ ತಲೆ ಫಿಯೆಟ್ಟಿನದು, ಎರಕ ಬೊಲೋನ್ಯಾದ್ದು, ಬಾಡಿ ಮಿಲಾನಿನದು. ಫೆರಾರಿಯ ಸ್ವಂತದ್ದೆಂದು ಏನು ಉಳಿಯಿತು?

ಆದರೆ ಈ ಪ್ರಶ್ನೆಯನ್ನು ಕೇಳಿದ ಕೂಡಲೇ ಅದರ ಉತ್ತರವೂ ಹೊಳೆಯುತ್ತದೆ. ಫೆರಾರಿಯು ಎಂದೂ ಎಂಜಿನಿಯರನಾಗಿರಲಿಲ್ಲ. ನಕ್ಷೆಯನ್ನು ಬರೆಯುವವನೂ ಅಲ್ಲ, ತಗಡನ್ನು ತಟ್ಟುವವನೂ ಅಲ್ಲ. ಯಾರನ್ನು ಯಾರೊಡನೆ ಕೂರಿಸಬೇಕು, ಯಾವುದನ್ನು ಎಲ್ಲಿಂದ ತರಿಸಬೇಕು, ಎಷ್ಟು ದಿನಗಳೊಳಗೆ ಮುಗಿಸಬೇಕು, ಇವೇ ಅವನ ವಿದ್ಯೆ. ಆ ವಿದ್ಯೆಯು ಮಿಕ್ಕ ಯಾವ ಗಾಡಿಗಿಂತಲೂ ಈ ಎರಡರಲ್ಲಿ ನಿರಾವರಣವಾಗಿ ಕಾಣುತ್ತದೆ. ಏಕೆಂದರೆ ಅವನ ಬಳಿ ಅದರ ಹೊರತು ಬೇರೇನೂ ಇರಲಿಲ್ಲ. ೧೯೪೭ರಿಂದ ಎಣಿಸುವ ಸಂಸ್ಥೆಯು ಹೆಸರಿನ ಚರಿತ್ರೆಯನ್ನು ಬರೆಯುತ್ತಿದೆ. ಅದು ಅದರ ಹಕ್ಕು. ಕೆಲಸದ ಚರಿತ್ರೆಯನ್ನು ಬರೆಯುವವನು ಮಾತ್ರ ೧೯೩೯ರ ಡಿಸೆಂಬರಿನಿಂದಲೇ ಆರಂಭಿಸಬೇಕಾಗುತ್ತದೆ. ಆ ಚರಿತ್ರೆಗೆ ದೊರೆಯಬೇಕಾದ ಎರಡು ಸಾಕ್ಷ್ಯಗಳಲ್ಲಿ ಒಂದೇ ಉಳಿದಿದೆ ಎಂಬುದೇ ನಷ್ಟ. ಎರಡನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಟೂರಿಂಗಿನವರ ಕೈ ಒಂದರಲ್ಲಿ ಎಲ್ಲಿ ತಿದ್ದಿತು, ಮತ್ತೊಂದರಲ್ಲಿ ಎಲ್ಲಿ ಸಡಿಲಿಸಿತು ಎಂದು ನೋಡುವ ಭಾಗ್ಯವು ಇನ್ನು ಯಾರಿಗೂ ಇಲ್ಲ. ಛಾಯಾಚಿತ್ರಗಳು ಆ ಕೆಲಸವನ್ನು ಪೂರ್ತಿಯಾಗಿ ಮಾಡಲಾರವು.

ಉಳಿದುದು ಅಸ್ಕಾರಿಯ ೦೨೦. ಅವನು ಅದನ್ನು ಎನ್ರಿಕೊ ಬೆಲ್ತ್ರಾಕ್ಕಿನಿ ಎಂಬ ಸಾರಥಿಗೆ ಮಾರಿದನು. ಬೆಲ್ತ್ರಾಕ್ಕಿನಿಯು ೧೯೪೭ರಲ್ಲಿ ಅದನ್ನು ಪಂದ್ಯಗಳಲ್ಲಿ ಓಡಿಸಿದನ್ದು ತಿಳಿದುಬರುತ್ತದೆ. ಹೆಸರುಳ್ಳ ತಂಗಿಯು ಮೊದಲ ಸಲ ಅಂಗಳಕ್ಕೆ ಇಳಿದ ವರ್ಷವೇ ಹೆಸರಿಲ್ಲದ ಅಕ್ಕನೂ ಇನ್ನೂ ಓಡುತ್ತಿದ್ದಳು ಎಂದಾಯಿತು. ತರುವಾಯ ಅದನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಮಾರಿ, ಮತ್ತೆ ತಾನೇ ಕೊಂಡುಕೊಂಡನು. ಕೊನೆಗೆ ಅದು ಮಾರಿಯೊ ರಿಘಿನಿಯ ಸಂಗ್ರಹಕ್ಕೆ ಸೇರಿತು. ಮೊಡೆನಾಕ್ಕೂ ಬೊಲೋನ್ಯಾಕ್ಕೂ ನಡುವೆ, ಕಾಸ್ತೆಲ್‌ಫ್ರಾಂಕೊ ಎಮಿಲಿಯಾ ಎಂಬ ಊರಿನ ಸಮೀಪದಲ್ಲಿರುವ ಪಾಂತ್ಸಾನೊ ಕೋಟೆಯಲ್ಲಿ ಈ ಸಂಗ್ರಹವುಂಟು. ಗಾಡಿಯು ಹುಟ್ಟಿದ ಕಟ್ಟಡದಿಂದ ಅಲ್ಲಿಗೆ ಬಹು ದೂರವಿಲ್ಲ. ರಿಘಿನಿಯ ಮನೆಯವರ ಕಸಬು ಹಳೆಯ ಗಾಡಿಗಳನ್ನು ಕೊಂಡು ಒಡೆದು ಮಾರುವುದಾಗಿತ್ತು. ಒಡೆಯಲು ಬಂದ ಗಾಡಿಗಳಲ್ಲಿ ಒಡೆಯಬಾರದೆಂದು ತೋರಿದವನ್ನು ಒಂದೊಂದಾಗಿ ಬದಿಗಿರಿಸುತ್ತ ಹೋದುದರಿಂದಲೇ ಆ ಸಂಗ್ರಹವು ಬೆಳೆಯಿತು.